ಖಗೋಳ ವಿಜ್ಞಾನಿ ಡಾ. ಎಂ. ಕೆ. ವೈನು ಬಾಪು (1927–1982) ಮತ್ತು ಗುರುಗ್ರಹದ ಎರಡು ಬಣ್ಣದ ಉಪಗ್ರಹ

ಪೀಠಿಕೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗದ ಸಾರ್ವಜನಿಕರು ವಿವಿಧ ಪ್ರಮಾಣಪತ್ರಗಳಿಗೆ ಮತ್ತು ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ಸಲುವಾಗಿ ಸರ್ಕಾರದ ಜಾಲತಾಣಗಳನ್ನು ಬಳಸುತ್ತಾರೆ. ಅವರಲ್ಲಿ ವಿದ್ಯಾರ್ಥಿವೇತನಕ್ಕಾಗಿ ಬರುವ ವಿದ್ಯಾರ್ಥಿಗಳೂ ಅವರ ಪೋಷಕರೂ ಅನೇಕರು. ಇಂತಹ ಓದುಗರ ಮಾಹಿತಿಗಾಗಿ, ಒಂದು ವಿದ್ಯಾರ್ಥಿವೇತನದ ನೆರವಿನಿಂದ ವಿದೇಶಕ್ಕೆ ತೆರಳಿ, ಮರಳಿ ಬಂದು ಭಾರತದ ಆಧುನಿಕ ಖಗೋಳ ವಿಜ್ಞಾನಕ್ಕೆ ಭದ್ರ ಬುನಾದಿ ಹಾಕಿದ ಡಾ. ಮನಾಲಿ ಕಲ್ಲಾಟ್ ವೈನು ಬಾಪು ಅವರ ಜೀವನವನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಬಾಪು ಅವರು ಕಟ್ಟಿ ಬೆಳೆಸಿದ ವೀಕ್ಷಣಾಲಯದಿಂದ 1972ರಲ್ಲಿ ಗುರುಗ್ರಹದ ಗ್ಯಾನಿಮೀಡ್ ಎಂಬ ಉಪಗ್ರಹವನ್ನು ಅಳೆಯಲಾಯಿತು. ಈ ಉಪಗ್ರಹದ ಮೇಲ್ಮೈ ಮಂಜುಗಡ್ಡೆಯದು. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಕಪ್ಪಾಗಿಯೂ ಉಳಿದ ಭಾಗ ಬೆಳ್ಳಗೆಯೂ ಕಾಣುತ್ತದೆ. ಒಂದೇ ಮಂಜುಗಡ್ಡೆಯ ನೆಲ ಹೀಗೆ ಎರಡು ಬಣ್ಣ ತಳೆದುದು ಹೇಗೆ ಎಂಬ ಪ್ರಶ್ನೆಗೆ ದೊರೆತಿರುವ ಉತ್ತರವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಜನನ, ಬಾಲ್ಯ ಮತ್ತು ಶಿಕ್ಷಣ

ವೈನು ಬಾಪು ಅವರು 1927ರ ಆಗಸ್ಟ್ 10ರಂದು ಮದ್ರಾಸಿನಲ್ಲಿ ಜನಿಸಿದರು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗದಲ್ಲಿದ್ದರು. ಆ ಕಾಲದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪ್ರದೇಶಗಳೂ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ನಮ್ಮ ಹಿರಿಯರು ಯಾವ ಸಂಸ್ಥಾನದ ಪ್ರಜೆಗಳಾಗಿದ್ದರೋ ಅದೇ ಸಂಸ್ಥಾನದ ರಾಜಧಾನಿಯಲ್ಲಿ ಈ ಬಾಲಕ ಬೆಳೆದನು. ತಂದೆಯವರ ಕೆಲಸದ ಸ್ಥಳವೇ ವೀಕ್ಷಣಾಲಯವಾದುದರಿಂದ ದೂರದರ್ಶಕ, ನಕ್ಷತ್ರಪಟ ಹಾಗೂ ರಾತ್ರಿಯ ವೀಕ್ಷಣೆಗಳು ಅವನಿಗೆ ಎಳವೆಯಲ್ಲಿಯೇ ಪರಿಚಿತವಾದವು.

ಬಾಪು ಅವರು ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ವಿದ್ಯಾರ್ಥಿಯಾಗಿದ್ದಾಗಲೇ ಬೆಳಕು ಏರಿಳಿಯುವ ನಕ್ಷತ್ರಗಳನ್ನು ಕುರಿತು ಸ್ವತಂತ್ರವಾಗಿ ಅಧ್ಯಯನ ನಡೆಸಿದರು. ಖಗೋಳ ವಿಜ್ಞಾನದಲ್ಲಿ ಉನ್ನತ ಶಿಕ್ಷಣ ಪಡೆಯುವ ಅವಕಾಶ ಆಗ ನಮ್ಮ ದೇಶದಲ್ಲಿ ಅತ್ಯಲ್ಪವಾಗಿತ್ತು. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ದೊರೆತ ಕಾರಣ ಅವರು 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಲು ಸಾಧ್ಯವಾಯಿತು.

ಧೂಮಕೇತು ಮತ್ತು ನಕ್ಷತ್ರಗಳ ಅಧ್ಯಯನ

ಹಾರ್ವರ್ಡ್ ಸೇರಿದ ಕೆಲವೇ ತಿಂಗಳುಗಳಲ್ಲಿ, 1949ರ ಜುಲೈ 2ರಂದು, ತಾವು ತೆಗೆದ ಛಾಯಾಚಿತ್ರ ಫಲಕದಲ್ಲಿ ಬಾಪು ಅವರು ಹೊಸ ಧೂಮಕೇತುವೊಂದನ್ನು ಗುರುತಿಸಿದರು. ಅದನ್ನು ಖಚಿತಪಡಿಸಲು ನೆರವಾದ ಪ್ರಾಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕಿರ್ಕ್ ಅವರ ಹೆಸರುಗಳೊಂದಿಗೆ ಅದು ಬಾಪು–ಬಾಕ್–ನ್ಯೂಕಿರ್ಕ್ ಧೂಮಕೇತು ಎಂದು ಪ್ರಸಿದ್ಧವಾಯಿತು. ಈ ಶೋಧನೆಗಾಗಿ ಅವರಿಗೆ ಡೊನೊಹೊ ಧೂಮಕೇತು ಪದಕ ಲಭಿಸಿತು.

1952ರಲ್ಲಿ ಡಾಕ್ಟರೇಟ್ ಪಡೆದ ಬಳಿಕ ಅವರು ಕಾರ್ನೆಗೀ ಫೆಲೋಶಿಪ್ ಪಡೆದು ಕ್ಯಾಲಿಫೋರ್ನಿಯಾದ ಪಾಲೋಮಾರ್ ವೀಕ್ಷಣಾಲಯದಲ್ಲಿ ಸಂಶೋಧನೆ ಕೈಗೊಂಡರು. ಅಲ್ಲಿ ಆಲಿನ್ ವಿಲ್ಸನ್ ಅವರ ಜೊತೆಗೂಡಿ ನಡೆಸಿದ ಅಧ್ಯಯನವು ಇಂದಿಗೂ ವಿಲ್ಸನ್–ಬಾಪು ಪರಿಣಾಮ ಎಂಬ ಹೆಸರಿನಿಂದ ಪಠ್ಯಗಳಲ್ಲಿದೆ. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕ್ಯಾಲ್ಸಿಯಂನಿಂದ ಉಂಟಾಗುವ ಕಪ್ಪು ರೇಖೆಯೊಂದು ಕಾಣುತ್ತದೆ. ಕೆಲವು ಬಗೆಯ ನಕ್ಷತ್ರಗಳಲ್ಲಿ ಆ ಕಪ್ಪು ರೇಖೆಯ ನಡುವೆ ಸಣ್ಣದೊಂದು ಪ್ರಕಾಶಮಾನವಾದ ಗೆರೆ ಇರುತ್ತದೆ. ಈ ಗೆರೆ ಅಗಲವಾದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಅಧಿಕವೆಂದು ಇಬ್ಬರೂ ಕಂಡುಕೊಂಡು 1957ರಲ್ಲಿ ಪ್ರಕಟಿಸಿದರು. ಅದರಿಂದ ನಕ್ಷತ್ರಗಳ ದೂರವನ್ನು ಅಂದಾಜು ಮಾಡುವ ಹೊಸ ವಿಧಾನ ದೊರೆಯಿತು.

ಸ್ವದೇಶಕ್ಕೆ ಮರಳಿದ್ದು

ವಿದೇಶದಲ್ಲಿ ಉತ್ತಮ ಅವಕಾಶಗಳಿದ್ದರೂ ಬಾಪು ಅವರು 1953ರಲ್ಲಿ ಭಾರತಕ್ಕೆ ಹಿಂದಿರುಗಿದರು. ಉತ್ತರ ಪ್ರದೇಶ ಸರ್ಕಾರದ ವೀಕ್ಷಣಾಲಯದ ಹೊಣೆ ಹೊತ್ತು ಅದನ್ನು ನೈನಿತಾಲದಲ್ಲಿ ನೆಲೆಗೊಳಿಸಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಆಗ ಅವರ ವಯಸ್ಸು 32 ವರ್ಷ.

ಕೊಡೈಕೆನಾಲ್ ಸೂರ್ಯನ ಅಧ್ಯಯನಕ್ಕೆ ಹೆಸರಾಗಿತ್ತು. ರಾತ್ರಿಯ ಆಕಾಶವನ್ನು ನೋಡಲು ಬೇರೊಂದು ಸ್ಥಳ ಅಗತ್ಯವಾಗಿತ್ತು. ಭೂಮಧ್ಯರೇಖೆಗೆ ಸಮೀಪವಿರುವ ಜಾಗದಿಂದ ಉತ್ತರ ಮತ್ತು ದಕ್ಷಿಣ ಎರಡೂ ಭಾಗಗಳ ಆಕಾಶ ಕಾಣುತ್ತದೆ ಎಂಬುದನ್ನು ಗಮನದಲ್ಲಿರಿಸಿ ಅವರು ಹುಡುಕಾಟ ನಡೆಸಿ, ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿರುವ ಕಾವಲೂರನ್ನು ಆರಿಸಿದರು. ಮೊದಲು ಅಲ್ಲಿ ಕೆಲಸ ಆರಂಭಿಸಿದ್ದು ಸಂಸ್ಥೆಯಲ್ಲಿಯೇ ತಯಾರಿಸಿದ 38 ಸೆಂಟಿಮೀಟರ್ ವ್ಯಾಸದ ದೂರದರ್ಶಕ. ಬಳಿಕ 1972ರಲ್ಲಿ ಜರ್ಮನಿಯ ಕಾರ್ಲ್ ಜೈಸ್ ಕಂಪನಿ ತಯಾರಿಸಿದ ಒಂದು ಮೀಟರ್ ವ್ಯಾಸದ ದೂರದರ್ಶಕವನ್ನು ಸ್ಥಾಪಿಸಲಾಯಿತು.

1971ರಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಸ್ವಾಯತ್ತ ಸಂಸ್ಥೆಯಾಯಿತು. ಬಾಪು ಅವರೇ ಅದರ ಮೊದಲ ನಿರ್ದೇಶಕರು. 1975ರಲ್ಲಿ ಅದರ ಕೇಂದ್ರ ಕಚೇರಿ ಬೆಂಗಳೂರಿಗೆ ಬಂದಿತು. ಅಂದಿನಿಂದ ಅವರ ಕಾರ್ಯಕ್ಷೇತ್ರ ಕರ್ನಾಟಕವೇ ಆಯಿತು.

1972ರ ಜೂನ್ 7ರ ವೀಕ್ಷಣೆ

ಗ್ಯಾನಿಮೀಡ್ ಉಪಗ್ರಹವನ್ನು 1610ರಲ್ಲಿ ಗೆಲಿಲಿಯೋ ಕಂಡುಹಿಡಿದನು. ಅದು ಗುರುಗ್ರಹವನ್ನು ಸುಮಾರು ಏಳು ದಿನಗಳಿಗೊಮ್ಮೆ ಸುತ್ತುತ್ತದೆ. ಸೌರಮಂಡಲದ ಉಪಗ್ರಹಗಳಲ್ಲೆಲ್ಲ ಅದೇ ದೊಡ್ಡದು. ಗಾತ್ರದಲ್ಲಿ ಬುಧಗ್ರಹವನ್ನೂ ಮೀರಿಸುತ್ತದೆ. ಆದರೂ ಭೂಮಿಯಿಂದ ನೋಡಿದಾಗ ಅದೊಂದು ಬೆಳಕಿನ ಚುಕ್ಕೆ ಮಾತ್ರ. ಅದರ ಗಾತ್ರ ಮತ್ತು ವಾತಾವರಣವನ್ನು ಅಳೆಯುವುದು ಸುಲಭವಾಗಿರಲಿಲ್ಲ.

1972ರ ಜೂನ್ 7ರಂದು ಈ ಉಪಗ್ರಹವು ದೂರದ ನಕ್ಷತ್ರವೊಂದರ ಮುಂದೆ ಹಾದುಹೋಗುವುದಿತ್ತು. ಇಂತಹ ಘಟನೆಗೆ ಆಚ್ಛಾದನೆ ಎನ್ನುತ್ತಾರೆ. ಗುಡಿಯ ಕಂಬದ ಹಿಂದೆ ದೀಪವೊಂದು ಸರಿದರೆ ಅದರ ಬೆಳಕು ತಟ್ಟನೆ ಮರೆಯಾಗುತ್ತದೆ. ಕಂಬದ ಸುತ್ತ ಧೂಪದ ಹೊಗೆ ಕವಿದಿದ್ದರೆ ಬೆಳಕು ಮೊದಲು ಮಂಕಾಗಿ, ಆಮೇಲೆ ಮರೆಯಾಗುತ್ತದೆ. ಹಾಗೆಯೇ, ಉಪಗ್ರಹಕ್ಕೆ ವಾತಾವರಣವಿಲ್ಲದಿದ್ದರೆ ನಕ್ಷತ್ರ ಒಮ್ಮೆಲೇ ಕಾಣದಾಗಬೇಕು. ಇದ್ದರೆ ಕ್ರಮೇಣ ಮಂಕಾಗಬೇಕು. ನಕ್ಷತ್ರ ಎಷ್ಟು ಹೊತ್ತು ಮರೆಯಲ್ಲಿತ್ತು ಎಂಬುದರಿಂದ ಉಪಗ್ರಹದ ವ್ಯಾಸವನ್ನು ಲೆಕ್ಕ ಹಾಕಬಹುದು. ಇದಕ್ಕೆ ಒಂದಕ್ಕಿಂತ ಹೆಚ್ಚು ಸ್ಥಳಗಳಿಂದ ವೀಕ್ಷಿಸುವುದು ಅವಶ್ಯ.

ಈ ವೀಕ್ಷಣೆ ಕಾವಲೂರಿನಿಂದಲೂ ಇಂಡೋನೇಷ್ಯಾದ ಲೆಂಬಾಂಗ್‌ನಿಂದಲೂ ಯಶಸ್ವಿಯಾಯಿತು. ಕಾವಲೂರಿನಲ್ಲಿ ಬಾಪು ಅವರ ಸಹೋದ್ಯೋಗಿ ಜೆ. ಸಿ. ಭಟ್ಟಾಚಾರ್ಯ ಅವರು, ಆಗಷ್ಟೇ ಸ್ಥಾಪನೆಯಾಗಿದ್ದ ಒಂದು ಮೀಟರ್ ದೂರದರ್ಶಕದಿಂದ ಅದನ್ನು ದಾಖಲಿಸಿದರು. ವಿವಿಧ ದೇಶಗಳ ವಿಜ್ಞಾನಿಗಳು ಸೇರಿ 1973ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಕ್ಷತ್ರದ ಬೆಳಕು ತಟ್ಟನೆ ಮರೆಯಾಗದ ಕಾರಣ ಗ್ಯಾನಿಮೀಡ್‌ಗೆ ತೆಳುವಾದ ವಾತಾವರಣವಿದೆ ಎಂದು ಅದರಲ್ಲಿ ತಿಳಿಸಲಾಯಿತು. ವ್ಯಾಸ ಸುಮಾರು 5,270 ಕಿಲೋಮೀಟರ್ ಎಂದು ಲೆಕ್ಕಕ್ಕೆ ಬಂದಿತು. ಹೊಸದಾದ ಭಾರತೀಯ ವೀಕ್ಷಣಾಲಯವೊಂದರ ಹೆಸರು ಇದರಿಂದ ಜಗತ್ತಿಗೆ ಪರಿಚಯವಾಯಿತು.

ಅದೇ 1972ರಲ್ಲಿ ಅಮೆರಿಕದ ವಿಜ್ಞಾನಿಗಳು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಪರಿಶೀಲಿಸಿ, ಗ್ಯಾನಿಮೀಡ್ ಮೇಲೆ ನೀರಿನ ಮಂಜುಗಡ್ಡೆ ಇರುವುದನ್ನು ಖಚಿತಪಡಿಸಿದರು. 1973ರ ಡಿಸೆಂಬರ್‌ನಲ್ಲಿ ಪಯೋನಿಯರ್ 10 ನೌಕೆ ಕಳುಹಿಸಿದ ಅಸ್ಪಷ್ಟ ಚಿತ್ರದಲ್ಲಿ ಕಪ್ಪು ಮತ್ತು ಬಿಳಿ ಪ್ರದೇಶಗಳು ಗೋಚರಿಸಿದವು.

ತಿದ್ದುಪಡಿಯಾದ ಫಲಿತಾಂಶ

1979ರ ಮಾರ್ಚ್ ಮತ್ತು ಜುಲೈ ತಿಂಗಳುಗಳಲ್ಲಿ ವಾಯೇಜರ್ ನೌಕೆಗಳು ಗುರುಗ್ರಹದ ಬಳಿ ಹಾದುಹೋದವು. ಅವುಗಳ ಛಾಯಾಗ್ರಹಣ ತಂಡದ ಮುಖ್ಯಸ್ಥ ಬ್ರಾಡ್‌ಫರ್ಡ್ ಸ್ಮಿತ್ ಅವರು 1972ರ ವೀಕ್ಷಣೆಯ ವರದಿಗೂ ಸಹಿ ಹಾಕಿದ್ದವರು. ನೌಕೆಯ ಅಳತೆಗಳ ಪ್ರಕಾರ ಗ್ಯಾನಿಮೀಡ್‌ಗೆ ವಾತಾವರಣವೇನಾದರೂ ಇದ್ದರೆ ಅದು 1972ರ ಅಂದಾಜಿಗಿಂತ ಸಾವಿರಾರು ಪಟ್ಟು ವಿರಳವಾಗಿರಬೇಕಾಗಿತ್ತು. ಹೀಗಾಗಿ ವಾತಾವರಣದ ಬಗೆಗಿನ ಹಿಂದಿನ ತೀರ್ಮಾನ ನಿಲ್ಲಲಿಲ್ಲ. ವ್ಯಾಸದ ಅಳತೆ ಮಾತ್ರ ಬಹುಮಟ್ಟಿಗೆ ನಿಂತಿತು; ಇಂದು ಒಪ್ಪಿತವಾಗಿರುವ ವ್ಯಾಸ 5,268 ಕಿಲೋಮೀಟರ್.

ಲೆಕ್ಕಪತ್ರ ಬರೆಯುವವರಿಗೆ ತಿಳಿದಿರುವಂತೆ, ತಪ್ಪಾದ ನಮೂದನ್ನು ಅಳಿಸಿ ಹಾಕುವುದು ಸರಿಯಾದ ಕ್ರಮವಲ್ಲ. ಮೂಲ ನಮೂದನ್ನು ಕಾಣುವಂತೆ ಉಳಿಸಿ, ತಿದ್ದುಪಡಿಯನ್ನು ದಿನಾಂಕದೊಡನೆ ಬರೆಯಬೇಕು. ವಿಜ್ಞಾನದ ದಾಖಲೆಯೂ ಇದೇ ರೀತಿಯದು. 1972ರ ವರದಿ ಇಂದಿಗೂ ದಾಖಲೆಯಲ್ಲಿದೆ, ಅದನ್ನು ತಿದ್ದಿದ ವರದಿಯೂ ಇದೆ. ಮುಂದೆ 1990ರ ದಶಕದಲ್ಲಿ ಹಬಲ್ ದೂರದರ್ಶಕವು ಗ್ಯಾನಿಮೀಡ್ ಮೇಲೆ ಅತ್ಯಂತ ವಿರಳವಾದ ಆಮ್ಲಜನಕವನ್ನು ಗುರುತಿಸಿತು. ಪ್ರಶ್ನೆ ಸರಿಯಾದುದೇ ಆಗಿತ್ತು. ಪ್ರಮಾಣದ ಅಂದಾಜು ತಪ್ಪಾಗಿತ್ತು.

ಕಪ್ಪು ನೆಲ, ಬಿಳಿ ನೆಲ: ಕಾರಣಗಳು

ವಾಯೇಜರ್ ಚಿತ್ರಗಳಿಂದ ಗ್ಯಾನಿಮೀಡ್ ಮೇಲಿನ ಎರಡು ಬಗೆಯ ನೆಲ ಸ್ಪಷ್ಟವಾಗಿ ಕಂಡಿತು. ನಮ್ಮ ಜಿಲ್ಲೆಯ ರೈತರಿಗೆ ಎರೆ ಭೂಮಿ ಮತ್ತು ಮಸಾರಿ ಭೂಮಿಯ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಊರಿನ ಸೀಮೆಯಲ್ಲಿ ಎರಡೂ ಇರುತ್ತವೆ. ಎರಡರ ಬಣ್ಣ, ಗುಣ ಮತ್ತು ಹುಟ್ಟು ಬೇರೆ ಬೇರೆ. ಮಣ್ಣಿನ ಬಣ್ಣದಲ್ಲಿ ಆ ನೆಲದ ಚರಿತ್ರೆ ಅಡಗಿರುತ್ತದೆ. ಗ್ಯಾನಿಮೀಡ್ ವಿಷಯದಲ್ಲಿಯೂ ಇದು ನಿಜ.

ಕಪ್ಪು ನೆಲ ಹಳೆಯದು. ಅದರ ಮೇಲೆ ಉಲ್ಕೆಗಳು ಬಡಿದು ಉಂಟಾದ ಕುಳಿಗಳು ದಟ್ಟವಾಗಿವೆ. ಕುಳಿಗಳು ಹೆಚ್ಚಿದಷ್ಟೂ ನೆಲದ ವಯಸ್ಸು ಹೆಚ್ಚು ಎಂಬ ಲೆಕ್ಕದಿಂದ ಈ ನೆಲಕ್ಕೆ ಸುಮಾರು 400 ಕೋಟಿ ವರ್ಷಗಳಾಗಿವೆ ಎಂದು ಅಂದಾಜು ಮಾಡಲಾಗಿದೆ. ಗಂಗಾವತಿ ಮತ್ತು ಆನೆಗೊಂದಿಯ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷವೆಂಬುದನ್ನು ನೆನೆದರೆ ಈ ಕಾಲಮಾನದ ಅರಿವಾದೀತು. ಉಲ್ಕೆಗಳೊಂದಿಗೆ ಬಂದ ಧೂಳು ಮತ್ತು ಕಲ್ಲಿನ ಅಂಶಗಳು ಮಂಜುಗಡ್ಡೆಯೊಡನೆ ಬೆರೆತಿವೆ. ಕಪ್ಪು ಮೇಲ್ಮೈ ಸೂರ್ಯನ ಶಾಖವನ್ನು ಹೆಚ್ಚಾಗಿ ಹೀರುವುದರಿಂದ ಅಲ್ಲಿನ ಮಂಜು ಮೆಲ್ಲಗೆ ಆವಿಯಾಗುತ್ತದೆ, ಧೂಳು ಹಿಂದೆ ಉಳಿಯುತ್ತದೆ. ಆವಿಯಾದ ನೀರು ಬಿಸಿಲು ಬೀಳದ ತಣ್ಣನೆಯ ಇಳಿಜಾರುಗಳಲ್ಲಿ ಬಿಳಿ ಮಂಜಾಗಿ ಕೂರುತ್ತದೆ. ಉಳಿದ ಕಪ್ಪು ಧೂಳು ತಗ್ಗಿಗೆ ಜಾರಿ ಸೇರುತ್ತದೆ. ಹೀಗೆ ಕಪ್ಪು ಇನ್ನಷ್ಟು ಕಪ್ಪಾಗುತ್ತದೆ.

ಬಿಳಿ ನೆಲ ಅದಕ್ಕಿಂತ ಕಿರಿಯದು. ಅಲ್ಲಿ ಕುಳಿಗಳು ವಿರಳ. ಅದರ ಬದಲು, ನೇಗಿಲಿನಿಂದ ಸಾಲು ಹೊಡೆದ ಹೊಲದಂತೆ, ನೂರಾರು ಕಿಲೋಮೀಟರ್ ಉದ್ದದ ಸಮಾನಾಂತರ ಏಣುಗಳು ಮತ್ತು ಕಾಲುವೆಗಳಿವೆ. ಉಪಗ್ರಹದ ಮಂಜುಗಡ್ಡೆಯ ಹೊರಪದರ ಎರಡೂ ಕಡೆಗೆ ಎಳೆಯಲ್ಪಟ್ಟು, ಸೀಳಿ, ತುಂಡುಗಳು ವಾಲಿಕೊಂಡಿದ್ದರಿಂದ ಇವು ಉಂಟಾದವು. ಸೀಳಿದಾಗ ಒಳಗಿನ ಶುಭ್ರವಾದ ಮಂಜುಗಡ್ಡೆ ಹೊರಬಂದಿತು, ಹಳೆಯ ಕಪ್ಪು ನೆಲ ಗುರುತು ಸಿಗದಂತೆ ಛಿದ್ರವಾಯಿತು. ಕೆಲವು ತಗ್ಗುಗಳಲ್ಲಿ ಒಳಗಿನಿಂದ ನೀರು ಅಥವಾ ಕೆಸರಿನಂತಹ ಮಂಜು ಉಕ್ಕಿ ಹರಡಿರಬಹುದೆಂಬ ಅಭಿಪ್ರಾಯವೂ ಇದೆ. ಆದರೆ ಬಿಳಿ ನೆಲದ ಬಹುಭಾಗಕ್ಕೆ ಹೊರಪದರದ ಎಳೆತವೇ ಮುಖ್ಯ ಕಾರಣವೆಂದು ಗೆಲಿಲಿಯೋ ನೌಕೆಯ ಹತ್ತಿರದ ಚಿತ್ರಗಳು ತೋರಿಸಿದವು. ಈ ನೌಕೆ 1995ರಿಂದ 2003ರವರೆಗೆ ಗುರುಗ್ರಹವನ್ನು ಸುತ್ತಿತು.

ಹೊರಪದರವನ್ನು ಎಳೆದ ಶಕ್ತಿ ಯಾವುದು? ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯೂರೋಪಾ ಎಂಬ ಉಪಗ್ರಹ ಎರಡು ಸುತ್ತು, ಅಯೋ ಎಂಬುದು ನಾಲ್ಕು ಸುತ್ತು ಮುಗಿಸುತ್ತವೆ. ಈ ತಾಳಬದ್ಧ ಸೆಳೆತ ಏರ್ಪಟ್ಟ ಕಾಲದಲ್ಲಿ ಗುರುಗ್ರಹದ ಗುರುತ್ವವು ಗ್ಯಾನಿಮೀಡನ್ನು ಮತ್ತೆ ಮತ್ತೆ ಹಿಸುಕಿ ಸಡಿಲಿಸಿ, ಒಳಗೆ ಶಾಖ ಉಂಟುಮಾಡಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಒಡಲು ಬಿಸಿಯಾಗಿ ಹಿಗ್ಗಿದಾಗ ಹೊರಪದರ ಬಿರಿಯಿತು. ಈ ತಾಳಕ್ಕೆ ಸೇರದ ನೆರೆಯ ಉಪಗ್ರಹ ಕ್ಯಾಲಿಸ್ಟೋ, ಗಾತ್ರದಲ್ಲಿ ಗ್ಯಾನಿಮೀಡ್‌ಗೆ ಸಮೀಪವಿದ್ದರೂ, ಇಂದಿಗೂ ಬಹುತೇಕ ಕಪ್ಪಾಗಿಯೇ ಉಳಿದಿದೆ. ಇದು ಮೇಲಿನ ವಿವರಣೆಗೆ ಪುಷ್ಟಿ ನೀಡುತ್ತದೆ.

ಎಲ್ಲ ಉಪಗ್ರಹಗಳಿಗೂ ಇದೇ ಕಾರಣ ಅನ್ವಯಿಸುವುದಿಲ್ಲ. ಶನಿಗ್ರಹದ ಇಯಾಪಿಟಸ್ ಉಪಗ್ರಹವನ್ನು 1671ರಲ್ಲಿ ಕಂಡುಹಿಡಿದ ಜಿಯೋವನ್ನಿ ಕ್ಯಾಸಿನಿಗೆ ಅದು ಶನಿಯ ಒಂದು ಪಕ್ಕದಲ್ಲಿದ್ದಾಗ ಮಾತ್ರ ಕಾಣುತ್ತಿತ್ತು. ಅದರ ಒಂದು ಮುಖ ಕಪ್ಪಾಗಿರಬೇಕೆಂದು ಅವನು ಸರಿಯಾಗಿಯೇ ಊಹಿಸಿದನು. ಫೀಬಿ ಎಂಬ ದೂರದ ಉಪಗ್ರಹದಿಂದ ಎದ್ದ ಧೂಳು ಇಯಾಪಿಟಸ್‌ನ ಮುಂಭಾಗಕ್ಕೆ ಬಡಿಯುವುದು ಅದಕ್ಕೆ ಕಾರಣವೆಂದು ಈಗ ತಿಳಿದುಬಂದಿದೆ. ಆ ಧೂಳಿನ ಬೃಹತ್ ಉಂಗುರವನ್ನು 2009ರಲ್ಲಿ ಪತ್ತೆ ಮಾಡಲಾಯಿತು. ಧೂಳು ಬಿದ್ದ ಭಾಗ ಬಿಸಿಯಾಗಿ, ಅಲ್ಲಿನ ಮಂಜು ಆವಿಯಾಗಿ ತಣ್ಣನೆಯ ಭಾಗಕ್ಕೆ ವಲಸೆ ಹೋಗಿ, ವ್ಯತ್ಯಾಸ ಇನ್ನೂ ಹೆಚ್ಚಿತು. ಇಯಾಪಿಟಸ್‌ನಲ್ಲಿ ಕಪ್ಪು ಹೊರಗಿನಿಂದ ಬಂದು ಬಿದ್ದಿತು. ಗ್ಯಾನಿಮೀಡ್‌ನಲ್ಲಿ ಬಿಳುಪು ಒಳಗಿನಿಂದ ಹೊರಬಂದಿತು.

ಅಂತರರಾಷ್ಟ್ರೀಯ ಗೌರವ

ವಾಯೇಜರ್ ಚಿತ್ರಗಳು ಬಂದ 1979ರಲ್ಲಿಯೇ ಬಾಪು ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ಗ್ರಹ ಮತ್ತು ಉಪಗ್ರಹಗಳ ಮೇಲಿನ ಸ್ಥಳಗಳಿಗೆ ಅಧಿಕೃತವಾಗಿ ಹೆಸರಿಡುವುದು ಈ ಒಕ್ಕೂಟವೇ. ಗ್ಯಾನಿಮೀಡ್‌ನ ವಿಶಾಲವಾದ ಕಪ್ಪು ಪ್ರದೇಶಗಳಿಗೆ ಗುರುಗ್ರಹದ ಉಪಗ್ರಹಗಳನ್ನು ಕಂಡುಹಿಡಿದ ಖಗೋಳಜ್ಞರ ಹೆಸರುಗಳನ್ನು ಇಡಲಾಗಿದೆ. ಅವುಗಳಲ್ಲಿ ಅತಿ ದೊಡ್ಡದು ಗೆಲಿಲಿಯೋ ಹೆಸರಿನ ಪ್ರದೇಶ. ಸಾಲುಗಳಿಂದ ಕೂಡಿದ ಬಿಳಿ ಪ್ರದೇಶಗಳಿಗೆ ಪ್ರಾಚೀನ ನಾಗರಿಕತೆಗಳ ಪುರಾಣಗಳಲ್ಲಿ ಬರುವ ಸ್ಥಳಗಳ ಹೆಸರುಗಳಿವೆ. ಬಾಪು ಅವರಿಗೆ 1970ರಲ್ಲಿ ಭಟ್ನಾಗರ್ ಪ್ರಶಸ್ತಿ, 1981ರಲ್ಲಿ ಪದ್ಮಭೂಷಣ ಪ್ರಶಸ್ತಿ ಲಭಿಸಿದವು.

ನಮ್ಮ ಭಾಗದಲ್ಲಿ ಸಂಪೂರ್ಣ ಸೂರ್ಯಗ್ರಹಣ

1980ರ ಫೆಬ್ರವರಿ 16ರಂದು ಸಂಭವಿಸಿದ ಸಂಪೂರ್ಣ ಸೂರ್ಯಗ್ರಹಣದ ಪಥವು ಹುಬ್ಬಳ್ಳಿ ಮತ್ತು ರಾಯಚೂರು ಕಡೆಯಿಂದ ಹಾದುಹೋಯಿತು. ಆಗ ರಾಯಚೂರು ಜಿಲ್ಲೆಗೆ ಸೇರಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಈ ಪಥದಲ್ಲಿಯೇ ಇದ್ದವು. ಮಧ್ಯಾಹ್ನ 3 ಗಂಟೆಯ ನಂತರ ಎರಡು ನಿಮಿಷಕ್ಕೂ ಹೆಚ್ಚು ಕಾಲ ಸೂರ್ಯ ಪೂರ್ತಿಯಾಗಿ ಮರೆಯಾದನು. ದೇಶದ ಅನೇಕ ಕಡೆಗಳಲ್ಲಿ ಜನರು ಅಂಜಿಕೆಯಿಂದ ಮನೆಯೊಳಗೇ ಉಳಿದರು. ಬಾಪು ಅವರು ನಿರ್ದೇಶಕರಾಗಿದ್ದ ಸಂಸ್ಥೆಯ ತಂಡಗಳು ಹುಬ್ಬಳ್ಳಿ ಸಮೀಪದ ಹೊಸೂರಿನಲ್ಲಿಯೂ ಗಂಗಾವತಿಯ ನೆರೆಯ ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿಯೂ ಉಪಕರಣಗಳನ್ನು ಹೂಡಿ, ಸೂರ್ಯನ ಹೊರವಲಯವನ್ನು ಅಭ್ಯಸಿಸಿದವು. ಒಂದು ಆಕಾಶಕಾಯ ಇನ್ನೊಂದನ್ನು ಮರೆಮಾಡಿದಾಗ ಹೊಸ ಸಂಗತಿ ತಿಳಿಯುತ್ತದೆ ಎಂಬ ತತ್ವವೇ ಗ್ಯಾನಿಮೀಡ್ ವೀಕ್ಷಣೆಯಲ್ಲಿಯೂ ಇಲ್ಲಿಯೂ ಕೆಲಸ ಮಾಡಿತು.

ಅಪೂರ್ಣವಾಗಿ ಉಳಿದ ಕನಸು ಮತ್ತು ನಿಧನ

ವಿದೇಶದಿಂದ ತರಿಸಿದ ದೂರದರ್ಶಕದಿಂದ ಬಾಪು ಅವರಿಗೆ ತೃಪ್ತಿಯಾಗಲಿಲ್ಲ. 2.34 ಮೀಟರ್ ವ್ಯಾಸದ ದೂರದರ್ಶಕವನ್ನು ಭಾರತದಲ್ಲಿಯೇ ನಿರ್ಮಿಸುವ ಯೋಜನೆಯನ್ನು ಅವರು ಕೈಗೆತ್ತಿಕೊಂಡರು. ಅದರ ಕನ್ನಡಿಯನ್ನು ಬೆಂಗಳೂರಿನಲ್ಲಿರುವ ಸಂಸ್ಥೆಯ ಪ್ರಯೋಗಾಲಯದಲ್ಲಿಯೇ ಉಜ್ಜಿ ಹೊಳಪು ನೀಡಲಾಯಿತು. ಕೆಲಸ ನಿಧಾನವಾಗಿ ಸಾಗಿತು. ಅದು ಮುಗಿಯುವ ಮುನ್ನವೇ, 1982ರ ಆಗಸ್ಟ್ 19ರಂದು, ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ ಬಾಪು ಅವರು ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಿಧನರಾದರು. ಅವರಿಗೆ ಆಗ 55 ವರ್ಷ. ಅವರು ಅಧ್ಯಕ್ಷತೆ ವಹಿಸಬೇಕಾಗಿದ್ದ ಖಗೋಳ ಒಕ್ಕೂಟದ ಮಹಾಸಭೆ ಅದೇ ದಿನಗಳಲ್ಲಿ ಗ್ರೀಸ್ ದೇಶದಲ್ಲಿ ನಡೆಯುತ್ತಿತ್ತು.

ಸಹೋದ್ಯೋಗಿಗಳು ಕೆಲಸವನ್ನು ನಿಲ್ಲಿಸಲಿಲ್ಲ. ಗ್ಯಾನಿಮೀಡ್ ವೀಕ್ಷಣೆ ನಡೆಸಿದ್ದ ಭಟ್ಟಾಚಾರ್ಯ ಅವರೇ ಮುಂದಿನ ನಿರ್ದೇಶಕರಾದರು. ದೂರದರ್ಶಕ ಪೂರ್ಣಗೊಂಡು, 1986ರ ಜನವರಿ 6ರಂದು ಅಂದಿನ ಪ್ರಧಾನಮಂತ್ರಿ ರಾಜೀವ್ ಗಾಂಧಿಯವರು ಕಾವಲೂರಿನ ವೀಕ್ಷಣಾಲಯಕ್ಕೂ ಆ ದೂರದರ್ಶಕಕ್ಕೂ ವೈನು ಬಾಪು ಅವರ ಹೆಸರನ್ನಿಟ್ಟರು. ಕ್ಷುದ್ರಗ್ರಹವೊಂದಕ್ಕೂ ಅವರ ಹೆಸರಿದೆ.

ಮುಂದಿನ ಅಧ್ಯಯನ

ಕಾವಲೂರಿನ ವೀಕ್ಷಣೆಗೆ ಸರಿಯಾಗಿ 49 ವರ್ಷಗಳಾದ ದಿನ, 2021ರ ಜೂನ್ 7ರಂದು, ಜೂನೋ ನೌಕೆ ಗ್ಯಾನಿಮೀಡ್‌ಗೆ ಸುಮಾರು ಒಂದು ಸಾವಿರ ಕಿಲೋಮೀಟರ್ ಸಮೀಪದಲ್ಲಿ ಹಾದು ಚಿತ್ರಗಳನ್ನು ಕಳುಹಿಸಿತು. ಯುರೋಪಿನ ಜ್ಯೂಸ್ ನೌಕೆಯನ್ನು 2023ರ ಏಪ್ರಿಲ್ 14ರಂದು ಉಡಾಯಿಸಲಾಗಿದೆ. ಅದು 2031ರಲ್ಲಿ ಗುರುಗ್ರಹವನ್ನು ತಲುಪಿ, 2034ರ ಕೊನೆಗೆ ಗ್ಯಾನಿಮೀಡನ್ನೇ ಸುತ್ತುವಂತೆ ಯೋಜಿಸಲಾಗಿದೆ. ಕಪ್ಪು ಮತ್ತು ಬಿಳಿ ನೆಲಗಳ ವಯಸ್ಸು, ಒಳಗಿನ ಸಾಗರ ಹಾಗೂ ವಿರಳ ವಾತಾವರಣವನ್ನು ಅದು ಅಭ್ಯಸಿಸಲಿದೆ. ಇಂದು ಶಾಲೆಯಲ್ಲಿ ಓದುತ್ತಿರುವ ಮಕ್ಕಳು ಅದರ ಫಲಿತಾಂಶಗಳನ್ನು ಕಾಣಲಿದ್ದಾರೆ.

ಉಪಸಂಹಾರ

ಒಂದು ಕಾಲದಲ್ಲಿ ಹೈದರಾಬಾದ್ ಸರ್ಕಾರದ ಕಚೇರಿಯೊಂದರಲ್ಲಿ ವಿದ್ಯಾರ್ಥಿಯೊಬ್ಬನ ಕಡತ ಮಂಡನೆಯಾಗಿ, ವಿದ್ಯಾರ್ಥಿವೇತನದ ಆದೇಶ ಹೊರಬಿದ್ದಿತು. ಆ ಆದೇಶದ ಫಲವನ್ನು ಕಾವಲೂರಿನ ಬೆಟ್ಟದ ಮೇಲೆ ಮತ್ತು ಬೆಂಗಳೂರಿನ ಸಂಸ್ಥೆಯಲ್ಲಿ ಇಂದಿಗೂ ಕಾಣಬಹುದು. ವಿದ್ಯಾರ್ಥಿವೇತನಕ್ಕೆ ಅರ್ಹರಾದ ವಿದ್ಯಾರ್ಥಿಗಳು ನಿಗದಿತ ದಿನಾಂಕದೊಳಗೆ ಅಗತ್ಯ ದಾಖಲೆಗಳೊಂದಿಗೆ ತಪ್ಪದೆ ಅರ್ಜಿ ಸಲ್ಲಿಸಬೇಕೆಂದೂ, ಪೋಷಕರು ಹಾಗೂ ಶಿಕ್ಷಕರು ಅದಕ್ಕೆ ನೆರವಾಗಬೇಕೆಂದೂ ಈ ಸಂದರ್ಭದಲ್ಲಿ ಕೋರಲಾಗಿದೆ.